ಭೂಕಂಪದ ದಾಖಲೆಯನ್ನು ಯಾರಿಗೆ, ಏತಕ್ಕೆ ಕೊಡಬೇಕು?

(ಸ್ವೀಡನ್ನಿನ ಲುಲೆಯೊದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ನಾವೀಗ ಕುಳಿತಿರುವ ನೆಲ ಮೇಲೇಳುತ್ತಿದೆ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಹಿಮಯುಗದಲ್ಲಿ ಈ ಭಾಗದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಅದು ಕರಗಿ ಸುಮಾರು ಹತ್ತು ಸಾವಿರ ವರ್ಷವಾದರೂ ಅದರ ಭಾರಕ್ಕೆ ಕುಗ್ಗಿದ್ದ ನೆಲ ಇನ್ನೂ ಹಿಂದಿನ ಮಟ್ಟಕ್ಕೆ ಮರಳಿಲ್ಲ. ಗಾಮೆಲ್‌ಸ್ಟಾಡ್‌ನ ಹಳೆಯ ಚರ್ಚನ್ನೂ ಅದರ ಸುತ್ತಲ ಕೆಂಪು ಮನೆಗಳನ್ನೂ ನೀವೆಲ್ಲ ನೋಡಿದ್ದೀರಿ. 1621ರಲ್ಲಿ ಲುಲೆಯೊ ಪಟ್ಟಣ ಹುಟ್ಟಿದ್ದು ಅಲ್ಲಿ. ಮೂವತ್ತು ವರ್ಷ ತುಂಬುವ ಮೊದಲೇ ಬಂದರಿನಲ್ಲಿ ಹಡಗಿಗೆ ಸಾಲುವಷ್ಟು ನೀರಿಲ್ಲದಂತಾಗಿ, 1649ರಲ್ಲಿ ಪಟ್ಟಣವನ್ನೇ ಈಗಿನ ಜಾಗಕ್ಕೆ ಸಾಗಿಸಬೇಕಾಯಿತು.

ಇಂದು ನಿಧಾನವಾಗಿ ಏಳುತ್ತಿರುವ ಈ ನೆಲ ಒಂದು ಕಾಲದಲ್ಲಿ ಸಿಡಿದೆದ್ದಿತ್ತು. ಇಲ್ಲಿಂದ ಉತ್ತರಕ್ಕೆ ಲಾನ್ಸ್‌ಯಾರ್ವ್ ಬಳಿ, ಇನ್ನೂ ಮೇಲೆ ಪಾರ್ವಿಯೆ ಎಂಬಲ್ಲಿ, ಕಾಡು ಜೌಗುಗಳ ನಡುವೆ ನೆಲವೇ ಮೆಟ್ಟಿಲಾಗಿ ನಿಂತಿರುವ ಬಿರುಕುಗಳಿವೆ. ಪಾರ್ವಿಯೆ ಬಿರುಕಿನ ಉದ್ದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಕೆಲವೆಡೆ ಮೆಟ್ಟಿಲಿನ ಎತ್ತರ ಹತ್ತು ಮೀಟರಿನಷ್ಟಿದೆ. 1970ರ ದಶಕದಲ್ಲಿ ರಾಬರ್ಟ್ ಲಾಗರ್‌ಬೆಕ್ ಮತ್ತು ಅವರ ಸಂಗಡಿಗ ಭೂವಿಜ್ಞಾನಿಗಳು ಇವನ್ನು ಗುರುತಿಸಿ, ಮಂಜು ಕರಗಿದ ಕಾಲದಲ್ಲಿ ಸಂಭವಿಸಿದ ಭಾರೀ ಭೂಕಂಪಗಳ ಗುರುತುಗಳಿವು ಎಂದರು. ಪಾರ್ವಿಯೆ ಕಂಪನದ ಪ್ರಮಾಣ 8ರ ಆಸುಪಾಸಿನದು ಎಂಬುದು ಇಂದಿನ ಅಂದಾಜು. ಭೂಕಂಪವಿಲ್ಲದ ದೇಶ ಎಂದು ಎಲ್ಲರೂ ನಂಬಿರುವ ಸ್ವೀಡನ್ನಿನ ಕಥೆ ಇದು.

ಸ್ವೀಡನ್ನಿನಲ್ಲಿ ಭೂಕಂಪ ಮಾಪನ ಶುರುವಾದದ್ದು 1904ರಲ್ಲಿ, ಉಪ್ಸಲಾ ವಿಶ್ವವಿದ್ಯಾಲಯ ಒಂದು ವೀಖರ್ಟ್ ಭೂಕಂಪ ಮಾಪಕವನ್ನು ನಿಲ್ಲಿಸಿದಾಗ. ಇಂದು ಅದೇ ವಿಶ್ವವಿದ್ಯಾಲಯ ನಡೆಸುವ ರಾಷ್ಟ್ರೀಯ ಜಾಲದಲ್ಲಿ ಅರವತ್ತಕ್ಕೂ ಹೆಚ್ಚು ಕೇಂದ್ರಗಳಿವೆ. ಸಾರ್ವಜನಿಕ ಹಣದ ಜೊತೆಗೆ, ಬಳಸಿ ಮುಗಿದ ಅಣು ಇಂಧನವನ್ನು ನೆಲದಾಳದಲ್ಲಿ ಹೂಳುವ ಹೊಣೆ ಹೊತ್ತ ಸಂಸ್ಥೆಯ ನೆರವೂ ಈ ಜಾಲ ಬೆಳೆಯಲು ಕಾರಣ. ಲಕ್ಷ ವರ್ಷ ಅಲುಗದ ಬಂಡೆ ಬೇಕೆಂದು ಹೊರಟವರಿಗೆ ಬಂಡೆ ಎಲ್ಲಿ ಅಲುಗುತ್ತದೆಂದು ಮೊದಲು ತಿಳಿಯಬೇಕಿತ್ತು. ಜಾಲ ದಟ್ಟವಾದ ಮೇಲೆ ಗೊತ್ತಾದದ್ದು ಇಷ್ಟು: ಈ ಉತ್ತರ ಭಾಗದಲ್ಲಿ ಇಂದಿಗೂ ಆಗುವ, ಮನುಷ್ಯರಿಗೆ ತಿಳಿಯದಷ್ಟು ಸಣ್ಣ ಕಂಪನಗಳಲ್ಲಿ ಹೆಚ್ಚಿನವು ಅದೇ ಹತ್ತು ಸಾವಿರ ವರ್ಷ ಹಳೆಯ ಬಿರುಕುಗಳ ಗುಂಟ ಸಾಲುಗಟ್ಟಿವೆ.

ಇಷ್ಟು ಹೇಳಿದ್ದು ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಲು. ಜನರ ತೆರಿಗೆಯಿಂದ ನಡೆಯುವ ಇಂಥ ಜಾಲ ದಿನದ ಇಪ್ಪತ್ತನಾಲ್ಕು ಗಂಟೆಯೂ ಬರೆದಿಡುವ ಕಂಪನಲೇಖ ಯಾರದು? ಹೊರಗಿನವರು ಬಂದು ಕೇಳಿದರೆ ಕೊಡಬೇಕೆ? ಹೊರಗಿನವರೆಂದರೆ ಬೇರೆ ದೇಶದ ವಿಜ್ಞಾನಿ ಮಾತ್ರವಲ್ಲ. ಕಟ್ಟಡದ ಎಂಜಿನಿಯರ್, ಕಾಲೇಜು ವಿದ್ಯಾರ್ಥಿನಿ, ಪತ್ರಕರ್ತ, ಅಣೆಕಟ್ಟೆಯ ಕೆಳಗಿನ ಊರಿನ ಪಂಚಾಯಿತಿ ಸದಸ್ಯ, ಇವರೆಲ್ಲ ಹೊರಗಿನವರೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡಬೇಕು, ಮತ್ತು ಕೊಡುವಾಗ ಏತಕ್ಕೆ ಬೇಕೆಂದು ಕೇಳಬಾರದು. ಏಕೆಂದರೆ ದಾಖಲೆಯನ್ನು ಕಾಯುವವನಿಗೆ ಅದರ ನಿಜವಾದ ಉಪಯೋಗ ಏನೆಂಬುದು ಮುಂಚಿತವಾಗಿ ತಿಳಿದಿರುವುದಿಲ್ಲ. ತಿಳಿದಿತ್ತು ಎನ್ನುವ ಒಂದು ಉದಾಹರಣೆಯೂ ಈ ಶಾಸ್ತ್ರದ ಇತಿಹಾಸದಲ್ಲಿ ನನಗೆ ಕಂಡಿಲ್ಲ.

1960ರ ದಶಕದ ಆರಂಭಕ್ಕೆ ಹೋಗೋಣ. ನೆಲದಡಿಯಲ್ಲಿ ಸಿಡಿಸುವ ಅಣುಬಾಂಬನ್ನು ದೂರದಿಂದ ಗುರುತಿಸುವುದು ಹೇಗೆಂಬ ಚಿಂತೆ ಅಮೆರಿಕಕ್ಕೆ. ಅದಕ್ಕಾಗಿ ಅದು ಹಲವಾರು ದೇಶಗಳಲ್ಲಿ ಒಂದೇ ಬಗೆಯ ಯಂತ್ರಗಳಿರುವ ಸುಮಾರು ನೂರಿಪ್ಪತ್ತು ಕೇಂದ್ರಗಳನ್ನು ಸ್ಥಾಪಿಸಲು ನೆರವಾಯಿತು. ನಮ್ಮ ದೆಹಲಿ, ಶಿಲಾಂಗ್, ಪುಣೆ, ಕೊಡೈಕನಾಲ್ ಕೇಂದ್ರಗಳೂ ಅದರಲ್ಲಿದ್ದವು. ಕೇಂದ್ರಗಳಿಂದ ಬಂದ ಫೋಟೋ ಹಾಳೆಗಳನ್ನು ಮೈಕ್ರೋಫಿಲ್ಮ್ ಮಾಡಿ, ಕೇಳಿದವರಿಗೆಲ್ಲ ಕಡಿಮೆ ಬೆಲೆಗೆ ಪ್ರತಿ ಕೊಟ್ಟರು. ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರಯಾನ್ ಐಸಾಕ್ಸ್, ಜ್ಯಾಕ್ ಆಲಿವರ್, ಲಿನ್ ಸೈಕ್ಸ್ ಆ ಲೇಖಗಳನ್ನು ಹರಡಿಕೊಂಡು ಕೂತರು. 1968ರಲ್ಲಿ ಅವರ ಪ್ರಬಂಧ ಬಂತು. ಭೂಮಿಯ ಹೊರಪದರ ದೊಡ್ಡ ಫಲಕಗಳಾಗಿ ಒಡೆದು ಚಲಿಸುತ್ತಿದೆ ಎಂಬ ವಾದಕ್ಕೆ ಭೂಕಂಪಗಳಿಂದಲೇ ಬಲವಾದ ಪುರಾವೆ ಸಿಕ್ಕಿತು. ಬಾಂಬು ಪತ್ತೆಗೆಂದು ಇಟ್ಟ ಯಂತ್ರ ಹಿಮಾಲಯ ಹುಟ್ಟಿದ ಬಗೆಯನ್ನು ವಿವರಿಸಲು ನೆರವಾಯಿತು. ಅಂದು ಅರ್ಜಿ ನಮೂನೆಯಲ್ಲಿ 'ಉದ್ದೇಶ' ಎಂಬ ಕಲಮಿದ್ದು, ಅಲ್ಲಿ 'ಖಂಡಗಳು ಚಲಿಸುತ್ತವೆಯೇ ನೋಡಬೇಕು' ಎಂದು ಬರೆದಿದ್ದರೆ ಯಾವ ಅಧಿಕಾರಿ ಮಂಜೂರು ಮಾಡುತ್ತಿದ್ದ?

ಇದು ತಿರುಗುಮುರುಗಾಗಿಯೂ ನಡೆದಿದೆ, ಅದೂ ಈ ದೇಶದಲ್ಲೇ. 2022ರ ಸೆಪ್ಟೆಂಬರ್ 26ರಂದು ಬಾಲ್ಟಿಕ್ ಸಮುದ್ರದ ತಳದಲ್ಲಿದ್ದ ನಾರ್ಡ್ ಸ್ಟ್ರೀಮ್ ಅನಿಲ ಕೊಳವೆಗಳು ಒಡೆದವು. ಅನಿಲ ಗುಳ್ಳೆಗಳಾಗಿ ಮೇಲೆ ಬಂದದ್ದನ್ನು ಜನ ನೋಡಿದರು, ಕಾರಣ ಮಾತ್ರ ತಿಳಿಯಲಿಲ್ಲ. ಉಪ್ಸಲಾದ ಜಾಲದವರು ತಮ್ಮ ಲೇಖ ತೆರೆದು ನೋಡಿ, ನಸುಕಿನಲ್ಲಿ ಒಂದು, ಸಂಜೆ ಒಂದು, ಎರಡು ಸ್ಫೋಟಗಳಾಗಿವೆ ಎಂದರು. ಸಂಜೆಯದರ ಪ್ರಮಾಣ 2.3. ಇವು ಭೂಕಂಪವಲ್ಲ, ಸ್ಫೋಟ ಎಂದು ಅಲೆಯ ಆಕಾರದಿಂದಲೇ ಹೇಳಿದರು. ಡೆನ್ಮಾರ್ಕಿನ, ಜರ್ಮನಿಯ ಯಂತ್ರಗಳೂ ಅದನ್ನೇ ಬರೆದಿದ್ದವು. ಒಂದು ದೇಶದ ಮಾತನ್ನು ಇನ್ನೊಂದು ದೇಶ ನಂಬದಂಥ ಆ ದಿನಗಳಲ್ಲಿ, ಹಲವು ಕಡೆಯ ಲೇಖಗಳನ್ನು ಹೋಲಿಸಿ ನೋಡಲು ಸಾಧ್ಯವಿದ್ದುದರಿಂದ ಸ್ಫೋಟವಾಯಿತೆಂಬ ಅಷ್ಟು ಸಂಗತಿಯ ಬಗ್ಗೆಯಾದರೂ ವಾದ ಉಳಿಯಲಿಲ್ಲ.

ಇಲ್ಲಿ ಈ ನಾಡಿನ ಒಂದು ಕಾನೂನನ್ನು ನೆನೆಯಬೇಕು. 1766ರ ಡಿಸೆಂಬರಿನಲ್ಲಿ ಸ್ವೀಡನ್ ಪತ್ರಿಕಾ ಸ್ವಾತಂತ್ರ್ಯದ ಕಾಯ್ದೆ ತಂದಿತು. ಸರ್ಕಾರದ ಕಾಗದಪತ್ರಗಳನ್ನು ಪ್ರಜೆ ನೋಡಬಹುದು, ಅಚ್ಚು ಹಾಕಿಸಬಹುದು ಎಂಬ ಹಕ್ಕು ಅದರೊಳಗೇ ಬಂತು. ಮೈಸೂರಿನಲ್ಲಿ ಆಗ ಹೈದರಾಲಿಯ ಕಾಲ. ಆ ಕಾಯ್ದೆಗಾಗಿ ಮುಂದೆ ನಿಂತವರಲ್ಲಿ ಮುಖ್ಯರಾದ ಆಂಡರ್ಸ್ ಚೈಡೇನಿಯಸ್ ಒಬ್ಬ ಪಾದ್ರಿ. ಅವರ ಊರು ಇಲ್ಲಿಂದ ಕೊಲ್ಲಿಯ ಆಚೆ ದಡದಲ್ಲಿರುವ, ಅಂದು ಸ್ವೀಡನ್ನಿಗೇ ಸೇರಿದ್ದ ಓಸ್ಟರ್‌ಬಾಟನ್ ಸೀಮೆ. ತಮ್ಮ ಕರಾವಳಿಯ ಪಟ್ಟಣಗಳಿಗೆ ಹೊರದೇಶಗಳೊಡನೆ ನೇರ ವ್ಯಾಪಾರದ ಹಕ್ಕಿಲ್ಲದ ಕಾಲದಲ್ಲಿ ಅಲ್ಲಿಯ ಜನರ ಪರವಾಗಿ ಹೋರಾಡಿದ ಅವರಿಗೆ, ಕಡತ ಮುಚ್ಚಿಟ್ಟುಕೊಂಡವನ ಬಲ ಎಂಥದ್ದೆಂದು ಚೆನ್ನಾಗಿ ಗೊತ್ತಿತ್ತು. ಅದೇ ಪರಂಪರೆಯ ಇಂದಿನ ನಿಯಮದಂತೆ, ದಾಖಲೆ ಕೇಳಿ ಬಂದವನನ್ನು ಅಧಿಕಾರಿ 'ನೀನು ಯಾರು, ಏತಕ್ಕೆ ಬೇಕು' ಎಂದು ವಿಚಾರಿಸುವಂತಿಲ್ಲ. ಗೋಪ್ಯತೆಯ ಪ್ರಶ್ನೆ ತೀರ್ಮಾನಿಸಲು ಅಗತ್ಯವಿದ್ದಾಗ ಮಾತ್ರ ಕೇಳಬಹುದು.

ನಮ್ಮಲ್ಲಿ ಇಂಥದ್ದಿಲ್ಲ ಎಂದು ನಿಟ್ಟುಸಿರು ಬಿಡಬೇಡಿ. ಕೇಂದ್ರದ ಕಾಯ್ದೆಗೂ ಮುಂಚೆ, 2000ದಲ್ಲೇ ಕರ್ನಾಟಕ ತನ್ನ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. 2005ರ ಕೇಂದ್ರ ಕಾಯ್ದೆಯ 6ನೇ ಕಲಮಿನ 2ನೇ ಉಪಕಲಮು, ಅರ್ಜಿದಾರ ಕಾರಣ ಹೇಳಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ, ಸಾರ್ವಜನಿಕ ಹಣದಿಂದ ಸಂಗ್ರಹವಾದ ದತ್ತಾಂಶವನ್ನು ಹಂಚಿಕೊಳ್ಳುವ ರಾಷ್ಟ್ರೀಯ ನೀತಿಯನ್ನೂ ಹೊರಡಿಸಿತು. ಕಾಗದದ ಮೇಲೆ ನಾವು ಹಿಂದಿಲ್ಲ.

ಆದರೂ ನನ್ನ ವಿದ್ಯಾರ್ಥಿನಿಯೊಬ್ಬಳು ಎಂಟೆಕ್ ಪ್ರಬಂಧಕ್ಕಾಗಿ ಒಂದು ಕಚೇರಿಯಿಂದ ಕೆಲವೇ ನಿಮಿಷಗಳ ಕಂಪನಲೇಖ ಕೇಳಿದಾಗ, ಅವಳು ತುಂಬಬೇಕಾದ ನಮೂನೆಯಲ್ಲಿ ಉದ್ದೇಶ, ವಿಭಾಗ ಮುಖ್ಯಸ್ಥರ ಮುದ್ರೆ, ಬೇರೆಯವರಿಗೆ ಕೊಡುವುದಿಲ್ಲವೆಂಬ ಮುಚ್ಚಳಿಕೆ ಎಲ್ಲವೂ ಇದ್ದವು. ಉತ್ತರ ಬರುವಷ್ಟರಲ್ಲಿ ಅವಳ ಪದವಿಯ ಗಡುವು ಮುಗಿಯುತ್ತ ಬಂದಿತ್ತು. ಅವಳು ಕೊನೆಗೆ ಕ್ಯಾಲಿಫೋರ್ನಿಯಾದ ಲೇಖಗಳನ್ನು ಇಳಿಸಿಕೊಂಡು ಪ್ರಬಂಧ ಮುಗಿಸಿದಳು. ಕರ್ನಾಟಕದ ನೆಲದ ಬಗ್ಗೆ ತಿಳಿಯಬಹುದಾಗಿದ್ದ ಒಂದು ಸಣ್ಣ ಸಂಗತಿ ತಿಳಿಯದೇ ಹೋಯಿತು.

ಅಂಕಿ ಪ್ರಕಟಿಸುತ್ತಾರಲ್ಲ, ಸಾಲದೇ ಎಂದು ಕೇಳುವವರಿದ್ದಾರೆ. ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ಆಗಲಿ, ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಲಿ, ಕಂಪನವಾದ ಸ್ವಲ್ಪ ಹೊತ್ತಿಗೆ ಜಾಗ, ಆಳ, ಪ್ರಮಾಣ ಹೇಳುತ್ತವೆ. ಇದು ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಅಂಕಿ ಎಂಬುದು ಲೇಖವನ್ನು ಯಾರೋ ಓದಿ ತೆಗೆದ ತೀರ್ಮಾನ. ಹೃದಯ ಸರಿಯಿಲ್ಲ ಎಂದು ಹೇಳಿ ಇಸಿಜಿ ಹಾಳೆಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರೆ ಇನ್ನೊಬ್ಬ ವೈದ್ಯರನ್ನು ಕಾಣುವುದು ಹೇಗೆ? ಬೆಂಗಳೂರಿನಲ್ಲಿ ಕೆರೆ ಮುಚ್ಚಿ ಕಟ್ಟಿದ ಬಡಾವಣೆಗಳಿವೆ. ಬಂಡೆಯ ಮೇಲಿನ ಮನೆ ಅಲುಗುವುದಕ್ಕೂ ಕೆರೆಯಂಗಳದ ಮೆತ್ತನೆ ಮಣ್ಣಿನ ಮೇಲಿನ ಮನೆ ಅಲುಗುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಲೆಕ್ಕ ಹಾಕಲು ಎಂಜಿನಿಯರಿಗೆ ಬೇಕಾದದ್ದು 3.4 ಎಂಬ ಅಂಕಿಯಲ್ಲ, ಅಲೆ ಯಾವ ವೇಗದಲ್ಲಿ ಎಷ್ಟು ಹೊತ್ತು ತೂಗಿತು ಎಂಬ ಪೂರ್ಣ ಲೇಖ.

ಅಂಕಿ ಹೇಗೆ ಗೊಂದಲ ಹುಟ್ಟಿಸಬಲ್ಲದೆಂಬುದಕ್ಕೆ ನಿಮ್ಮ ನೆರೆಯ ಕಿರುನಾವೇ ಸಾಕ್ಷಿ. 2020ರ ಮೇ 18ರಂದು ನಸುಕಿನ 3 ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಎಲ್‌ಕೆಎಬಿ ಕಂಪನಿಯ ಕಬ್ಬಿಣದ ಗಣಿಯಲ್ಲಿ ಬಂಡೆ ಜಾರಿ, ಸ್ವೀಡನ್ನಿನ ಗಣಿಗಳ ಇತಿಹಾಸದಲ್ಲೇ ದೊಡ್ಡದೆನ್ನಿಸಿದ ಕಂಪನವಾಯಿತು. ಊರೇ ಎಚ್ಚರಗೊಂಡಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ರಾಷ್ಟ್ರೀಯ ಜಾಲ ಪ್ರಮಾಣ 4.9 ಎಂದಿತು. ಗಣಿಯೊಳಗಿನ ಯಂತ್ರಗಳ ಆಧಾರದ ಮೇಲೆ ಬೇರೊಂದು ಮಾಪಕದಲ್ಲಿ ಮಾಡಿದ ಲೆಕ್ಕ 4.2 ಎಂದಿತು. ಎರಡೂ ತಪ್ಪಲ್ಲ. ಒಂದು ಅಲೆಯ ಎತ್ತರವನ್ನು ಅಳೆಯುತ್ತದೆ, ಇನ್ನೊಂದು ಜಾರಿದ ಬಂಡೆಯ ವಿಸ್ತಾರ ಮತ್ತು ಜಾರಿದ ದೂರವನ್ನು. ಆದರೆ ಗಣಿಗಾಗಿ ತಮ್ಮ ಊರನ್ನೇ ಬಿಟ್ಟುಕೊಡುತ್ತಿರುವ ಜನರಿಗೆ, ಕಂಪನಿ ಕಡಿಮೆ ಹೇಳುತ್ತಿದೆಯೇ ಎಂಬ ಅನುಮಾನ ಬಂದರೆ ಅದು ಸಹಜ. ಅನುಮಾನಕ್ಕೆ ಮದ್ದು ಲೇಖ ತೆರೆದಿಡುವುದೊಂದೇ.

ಸ್ವೀಡನ್ನನ್ನು ಹೊಗಳಿಯೇ ಹೋಗಲು ನಾನು ಬಂದಿಲ್ಲ. ಎಲ್‌ಕೆಎಬಿ ಪೂರ್ತಿ ಸರ್ಕಾರದ ಒಡೆತನದ್ದು. ಅದರ ಕಿರುನಾ ಗಣಿಯಲ್ಲಿ ಇನ್ನೂರಕ್ಕೂ ಹೆಚ್ಚು ಸಂವೇದಕಗಳಿವೆ. ಆದರೆ 1766ರ ಪರಂಪರೆಯ ನಿಯಮ ಸರ್ಕಾರಿ ಕಚೇರಿಗಳನ್ನು ಕಟ್ಟಿಹಾಕುತ್ತದೆಯೇ ಹೊರತು ಸರ್ಕಾರದ ಒಡೆತನದ ಕಂಪನಿಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಲುಲೆಯೊ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಗಣಿಯ ಜೊತೆ ಸೇರಿ ದುಡಿದು ಒಳ್ಳೆಯ ಪ್ರಬಂಧಗಳನ್ನು ಬರೆದಿದ್ದಾರೆ. ಒಪ್ಪಂದದಿಂದ ಸಿಗುವುದು ಬೇರೆ, ಹಕ್ಕಿನಿಂದ ಸಿಗುವುದು ಬೇರೆ. ಕಿರುನಾದ ಶಾಲಾ ಶಿಕ್ಷಕಿಗೂ ಆ ಲೇಖ ಹಕ್ಕಿನಿಂದಲೇ ಸಿಗಬೇಕೆಂಬುದು ನನ್ನ ಅಭಿಪ್ರಾಯ.

ಕಿರುನಾ ಎಂದಾಗಲೆಲ್ಲ ನನಗೆ ಕೋಲಾರದ ಚಿನ್ನದ ಗಣಿ ನೆನಪಾಗುತ್ತದೆ. ನಾನು ಬೆಳೆದದ್ದು ಬಂಗಾರಪೇಟೆ ಕಡೆ. ಆಳದಲ್ಲಿ ಬಂಡೆ ಸಿಡಿದರೆ ಕೆಜಿಎಫ್ ಜನ ಅದನ್ನು ರಾಕ್ ಬರ್ಸ್ಟ್ ಎನ್ನುತ್ತಿದ್ದರು, ಅದಕ್ಕೂ ಹಿಂದಿನವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಮನೆಯ ಗೋಡೆ ಬಿರಿಯುತ್ತಿತ್ತು, ಹೆಂಗಸರು ಬಾಗಿಲಿಗೆ ಬಂದು ಶಾಫ್ಟಿನ ಕಡೆ ನೋಡುತ್ತ ನಿಲ್ಲುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಈ ಸಿಡಿತಗಳ ಬಗ್ಗೆ ವರದಿ ಬರೆದು ಅಚ್ಚು ಹಾಕಿಸಿದರು. 1912ರ ಹೊತ್ತಿಗೆ ಕೆಜಿಎಫ್‌ನಲ್ಲಿ ಭೂಕಂಪ ಮಾಪಕ ಬಂತು, 1970ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಸಂವೇದಕಗಳ ಜಾಲ ಬಂತು, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲೇ ಹುಟ್ಟಿತು. 2001ರಲ್ಲಿ ಗಣಿ ಮುಚ್ಚಿತು. ಮುಚ್ಚಿದ ಸುರಂಗಗಳಿಗೆ ನೀರು ತುಂಬಿದ ಮೇಲೂ ಕಂಪನಗಳಾದವು. ಸುಮಾರು ತೊಂಬತ್ತು ವರ್ಷ ಒಂದೇ ಗಣಿಯ ಬಂಡೆ ಸಿಡಿಯುವುದನ್ನು ಅಳೆದ ದಾಖಲೆ ಜಗತ್ತಿನಲ್ಲಿ ಅಪರೂಪ. ಅದಕ್ಕೆ ಬೆಲೆ ತೆತ್ತವರು ಕೆಳಗಿಳಿದು ಮೇಲೆ ಬಾರದ ಕಾರ್ಮಿಕರು. ಇಂದು ಆಳದ ಗಣಿ ತೋಡುವ ಯಾವ ದೇಶದವರಿಗಾದರೂ ಅದು ಸಿಗಬೇಕು, ಸಿಕ್ಕರೆ ಬೇರೆ ಕಡೆ ಜೀವ ಉಳಿಯುತ್ತದೆ.

ಈಗ ಊರುಗಳ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಬಿಟ್ಟುಬಂದು ಜನ ಮಲಗಿದ್ದಾಗ, ನಮ್ಮ ಗಡಿಗೆ ಹತ್ತಿರದ ಕಿಲ್ಲಾರಿ ನೆಲಸಮವಾಯಿತು. ಸತ್ತವರು ಸುಮಾರು ಹತ್ತು ಸಾವಿರ. ಆಗಿನ ಭೂಕಂಪ ನಕಾಶೆಯಲ್ಲಿ ಅದು ಎಲ್ಲಕ್ಕಿಂತ ಸುರಕ್ಷಿತವಾದ ಒಂದನೇ ವಲಯ. ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಅಲ್ಲಿ ಸಣ್ಣ ಕಂಪನಗಳಾಗಿ ಜನ ಹೆದರಿದ್ದರು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಗುಡುಗಿ 4.1ರ ಕಂಪನವಾದಾಗ ಜನ ಬಯಲಲ್ಲಿ ಮಲಗಿದ್ದೂ, ಊರು ಬಿಟ್ಟಿದ್ದೂ ಕಿಲ್ಲಾರಿಯ ನೆನಪಿನಿಂದಲೇ. 2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು, ಕರಿಕೆ, ಸುಳ್ಯದ ಕಡೆ ಮತ್ತೆ ಮತ್ತೆ ಸದ್ದು, ಮತ್ತೆ ಮತ್ತೆ ನಡುಕ. 2018ರ ಗುಡ್ಡ ಕುಸಿತ ಕಂಡಿದ್ದ ಜನ ಅವರು. ಕರಿಕೆ ದಾಟಿದರೆ ಕಾಸರಗೋಡು. ಅಲೆಗೆ ರಾಜ್ಯದ ಗಡಿಯಿಲ್ಲ. ಮೊದಲು ಬರುವ ಅಲೆಗೂ ಎರಡನೆಯದಕ್ಕೂ ನಡುವಿನ ಒಂದೊಂದು ಸೆಕೆಂಡಿಗೆ ಸುಮಾರು ಎಂಟು ಕಿಲೋಮೀಟರ್ ದೂರವೆಂದು ಲೆಕ್ಕ. ಜಾಗ ಗೊತ್ತಾಗಬೇಕಾದರೆ ಕನಿಷ್ಠ ಮೂರು ಕೇಂದ್ರಗಳ ಲೇಖ ಬೇಕು, ಆಳ ಸರಿಯಾಗಿ ತಿಳಿಯಲು ಹತ್ತಿರದ ಕೇಂದ್ರವೇ ಬೇಕು. ಇಲ್ಲಿ ಉಪ್ಸಲಾದವರು ಫಿನ್‌ಲ್ಯಾಂಡ್, ನಾರ್ವೆ, ಡೆನ್ಮಾರ್ಕಿನ ಜಾಲಗಳೊಡನೆ ಲೇಖ ಹಂಚಿಕೊಳ್ಳುತ್ತಾರೆ. ಕರ್ನಾಟಕ, ಕೇರಳ, ಮಹಾರಾಷ್ಟ್ರಗಳ ನಡುವೆ ಅಷ್ಟೇ ಸಲೀಸಾಗಿ ಲೇಖ ಓಡಾಡಬೇಕು.

ಕೊಡಬಾರದೆನ್ನುವವರ ವಾದಗಳನ್ನೂ ಕೇಳೋಣ. ಮೊದಲನೆಯದು ದೇಶದ ಭದ್ರತೆ. ಗೌರಿಬಿದನೂರಿನ ಹೊಲಗಳ ನಡುವೆ 1965ರಿಂದ ಇಪ್ಪತ್ತು ಸಂವೇದಕಗಳ ಒಂದು ವ್ಯೂಹ ಇದೆ, ಬ್ರಿಟನ್ನಿನ ನೆರವಿನಿಂದ ಭಾಭಾ ಕೇಂದ್ರ ಸ್ಥಾಪಿಸಿದ್ದು. ಬೇರೆ ದೇಶಗಳ ಅಣು ಸ್ಫೋಟ ಆಲಿಸುವುದು ಅದರ ಕೆಲಸ. ಸ್ವೀಡನ್ನಿನಲ್ಲೂ ಹಾಗ್‌ಫೋರ್ಸ್ ಎಂಬಲ್ಲಿ ಅಂಥದ್ದೇ ಕೇಂದ್ರವಿದೆ. ಅದರ ಲೇಖ ಅಣು ಪರೀಕ್ಷಾ ನಿಷೇಧ ಒಪ್ಪಂದದಡಿ ವಿಯೆನ್ನಾಕ್ಕೆ ಹೋಗುತ್ತದೆ. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಗೌರಿಬಿದನೂರಿನ ಲೇಖವನ್ನು ಮುಚ್ಚಿಡುವುದು ದೇಶದ ನಿರ್ಧಾರ, ನಾನು ಅದನ್ನು ಗೌರವಿಸುತ್ತೇನೆ. ಆದರೆ ಮುಚ್ಚಿಟ್ಟರೆ ಲೋಕಕ್ಕೆ ತಿಳಿಯುವುದಿಲ್ಲ ಎಂಬ ಭ್ರಮೆ ಬೇಡ. 1998ರ ಪೋಖ್ರಾನ್ ಪರೀಕ್ಷೆಯ ಬಲವನ್ನು ಅಮೆರಿಕದ ವಿಜ್ಞಾನಿಗಳು ಪಾಕಿಸ್ತಾನದ ನಿಲೋರ್ ಕೇಂದ್ರದ ಮುಕ್ತ ಲೇಖ ಬಳಸಿ ಅಳೆದು, ಭಾರತ ಹೇಳಿದ್ದಕ್ಕಿಂತ ಕಡಿಮೆ ಎಂದರು. ನಮ್ಮವರು ಪ್ರತಿವಾದ ಬರೆದರು. ಹೊರಗಿನವರ ಕೈಯಲ್ಲಿದ್ದ ಲೇಖವೇ ಚರ್ಚೆಯನ್ನು ಆಳಿತು. ಅದೇನೇ ಇರಲಿ, ಒಂದು ಗೌರಿಬಿದನೂರಿಗೆ ಇರುವ ಕಾರಣವನ್ನು ಆಲಮಟ್ಟಿಗೂ ಸುಳ್ಯಕ್ಕೂ ಹೊದಿಸುವುದು ಸರಿಯಲ್ಲ.

ಜನ ತಪ್ಪು ಓದಿ ಗಾಬರಿಯಾಗುತ್ತಾರೆ ಎಂಬುದು ಎರಡನೆಯ ವಾದ. ಇದರಲ್ಲಿ ನಿಜಾಂಶವಿದೆ. ಸ್ವೀಡನ್ನಿನ ಜಾಲ ಹಿಡಿಯುವ ಕಂಪನಗಳಲ್ಲಿ ಹೆಚ್ಚಿನವು ಗಣಿ, ಕಲ್ಲುಕ್ವಾರಿಗಳ ಸಿಡಿಮದ್ದಿನವು. ಬಲ್ಲವರು ಬೇರ್ಪಡಿಸದಿದ್ದರೆ ದಿನವೂ ಭೂಕಂಪವೆಂದು ಕೂಗಬಹುದು. ಅದಕ್ಕೆ ಪರಿಹಾರ ಪರಿಶೀಲಿಸಿದ್ದಕ್ಕೂ ಪರಿಶೀಲಿಸದ್ದಕ್ಕೂ ಬೇರೆ ಬೇರೆ ಗುರುತು ಹಾಕಿ ಕೊಡುವುದು. ಲೇಖ ಸಿಗದ ಗಡಿಕೇಶ್ವಾರದಲ್ಲೇನು ಗಾಬರಿ ಕಡಿಮೆಯಿತ್ತೆ?

ಸಂಶೋಧಕರ ಅಳಲು ಬೇರೆ. ಬಿಸಿಲಲ್ಲಿ ಗುಂಡಿ ತೋಡಿ ಯಂತ್ರ ಹೂಳಿದವರು ನಾವು, ಎಸಿ ಕೋಣೆಯಲ್ಲಿ ಕೂತವರು ಪ್ರಬಂಧ ಬರೆಯುತ್ತಾರೆ ಎನ್ನುತ್ತಾರೆ. ನ್ಯಾಯವಾದ ಮಾತು. ತಾತ್ಕಾಲಿಕವಾಗಿ ಯಂತ್ರ ಇಟ್ಟ ಸಂಶೋಧಕರಿಗೆ ಎರಡು ವರ್ಷದ ಮೊದಲ ಹಕ್ಕು ಕೊಡುವ ರೂಢಿ ಅಮೆರಿಕದಲ್ಲಿ ಬಹುಕಾಲದಿಂದ ಇದೆ. ಲೇಖ ಬಳಸಿದವರು ಜಾಲದ ಹೆಸರನ್ನು ಗುರುತು ಸಂಖ್ಯೆಯೊಡನೆ ಉಲ್ಲೇಖಿಸಬೇಕೆಂಬ ಪದ್ಧತಿಯೂ ಬಂದಿದೆ. ಇವೆರಡನ್ನೂ ನಾವು ತರಬೇಕು. ಲೇಖ ಕಾಪಾಡಿ ಹಂಚಲು ಬೇಕಾದ ಸಿಬ್ಬಂದಿಗೆ ಸಂಬಳವನ್ನೂ ಯಂತ್ರ ಕೊಳ್ಳುವ ಬಜೆಟ್ಟಿನಲ್ಲೇ ಸೇರಿಸಬೇಕು. ಆದರೆ ಸರ್ಕಾರದ ಶಾಶ್ವತ ಕೇಂದ್ರಗಳಿಗೆ ಯಾವ ಮೊದಲ ಹಕ್ಕೂ ಸಲ್ಲುವುದಿಲ್ಲ. ಅಲ್ಲಿಯ ಸಿಬ್ಬಂದಿಯ ಸಂಬಳವನ್ನು ಜನ ಆಗಲೇ ಕೊಟ್ಟಿದ್ದಾರೆ.

ನಮ್ಮಿಂದಾಗದ ಕೆಲಸವೇನಲ್ಲ ಇದು. 2004ರ ಸುನಾಮಿಯ ನಂತರ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಕಟ್ಟಿದಾಗ ಮಿನಿಕಾಯ್, ಪೋರ್ಟ್ ಬ್ಲೇರ್, ಶಿಲಾಂಗ್ ಕೇಂದ್ರಗಳ ಲೇಖವನ್ನು ಭಾರತವೇ ಜಗತ್ತಿನೊಡನೆ ಹಂಚಿಕೊಂಡಿತು. ಆ ಮೂರರಿಂದ ದೇಶಕ್ಕೆ ಯಾವ ಕೇಡೂ ಆಗಿಲ್ಲ.

ಲುಲೆಯೊದ ಕನ್ನಡಿಗರಾದ ನಿಮ್ಮಲ್ಲಿ ನನ್ನ ಬೇಡಿಕೆಗಳಿವೆ. ನಿಮ್ಮಲ್ಲಿ ಗಣಿಯ ವಿದ್ಯೆ ಓದುತ್ತಿರುವವರಿದ್ದೀರಿ, ಈ ಊರಿನ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ದುಡಿಯುವವರಿದ್ದೀರಿ. ಕೆಜಿಎಫ್‌ನ ಹಳೆಯ ಲೇಖಗಳನ್ನು ಸ್ಕ್ಯಾನ್ ಮಾಡಿ ಅಂಕಿಗೆ ಇಳಿಸುವ ಕೆಲಸಕ್ಕೆ ನಿಮ್ಮ ವಿಶ್ವವಿದ್ಯಾಲಯವನ್ನೂ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯನ್ನೂ ಕೂಡಿಸುವ ಪ್ರಯತ್ನ ಮಾಡಿ. ಕಂಪನಲೇಖ ಓದುವುದು ಹೇಗೆಂದು ಹೈಸ್ಕೂಲು ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಿರಿ. ಇನ್ನು ಭಾರತದ ಪೌರತ್ವ ಇಟ್ಟುಕೊಂಡಿರುವ ಎಲ್ಲರೂ, ನಮ್ಮ ರಾಜ್ಯದ ಕೇಂದ್ರಗಳ ಲೇಖ ಕೋರಿ ಒಂದೊಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಇಲ್ಲಿಂದಲೂ ಹಾಕಬಹುದು. ಕಾರಣ ಬರೆಯಬೇಡಿ, ಕಾಯ್ದೆ ಅದನ್ನು ಕೇಳುವುದಿಲ್ಲ.